ಬಚ್ಚಲೊಲೆಯ ಮುಂದಿನ ಇಪ್ಪತ್ತು ನಿಮಿಷ

ಅಮ್ಮನ ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಶಸ್ತ್ರಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ ಮತ್ತು ಇ.ಸಿ.ಜಿ. ಮಾಡಿಸಿ, ಫಿಸಿಷಿಯನ್ ಒಬ್ಬರಿಂದ ಒಪ್ಪಿಗೆ ಬರೆಸಿಕೊಂಡು ಬರಬೇಕೆಂದು ಕಣ್ಣಿನ ಆಸ್ಪತ್ರೆಯವರು ಹೇಳಿದ್ದರಿಂದ, ತೀರ್ಥಹಳ್ಳಿ ಕಡೆಯ ನಮ್ಮೂರಿನಿಂದ ಅವಳನ್ನು ಶಿವಮೊಗ್ಗದ ನನ್ನ ಮನೆಗೆ ಕರೆತಂದಿದ್ದೆ. ಅಮ್ಮನಿಗೆ ಆಗ 71 ವರ್ಷ. ಸಕ್ಕರೆ ಕಾಯಿಲೆ ಬಂದು 16 ವರ್ಷವಾಗಿತ್ತು, ಬಿ.ಪಿ. ಮಾತ್ರೆ ನುಂಗಲು ಆರಂಭಿಸಿ ಹತ್ತು ವರ್ಷ ದಾಟಿತ್ತು. ಇವೆರಡನ್ನೂ ಅವಳು ಮನೆಗೆ ಬಂದು ಉಳಿದುಕೊಂಡ ದೂರದ ನೆಂಟರಂತೆ ಒಪ್ಪಿಕೊಂಡಿದ್ದಳು. ಹೊತ್ತು ಹೊತ್ತಿಗೆ ಅವುಗಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಫಿಸಿಷಿಯನ್ ಇ.ಸಿ.ಜಿ. ಕಾಗದವನ್ನು ಒಮ್ಮೆ ನೋಡಿದರು. ಅದನ್ನು ಮೇಜಿನ ಮೇಲೆ ಹರಡಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ತಲೆಯೆತ್ತಿ, “ಅಮ್ಮಾ, ನಿಮಗೆ ಹಾರ್ಟ್ ಅಟ್ಯಾಕ್ ಆಗಿದ್ದು ಯಾವಾಗ?” ಎಂದು ಕೇಳಿದರು.

“ನನಗಾ? ನನಗೆಂಥ ಹಾರ್ಟ್ ಅಟ್ಯಾಕ್ ಡಾಕ್ಟ್ರೇ? ಬಿ.ಪಿ., ಶುಗರ್ ಬಿಟ್ಟರೆ ಬೇರೆ ಎಂಥದೂ ಇಲ್ಲ” ಎಂದಳು ಅಮ್ಮ. ಯಾರದೋ ಕಾಗದ ತನ್ನ ಫೈಲಿಗೆ ಸೇರಿಕೊಂಡಿದೆ ಎಂಬ ಅನುಮಾನ ಅವಳ ಮುಖದಲ್ಲಿ ಸ್ಪಷ್ಟವಾಗಿತ್ತು. ನನಗೂ ಹಾಗೆಯೇ ಅನ್ನಿಸಿ, ಕಾಗದದ ಮೇಲಿನ ಹೆಸರನ್ನು ಬಗ್ಗಿ ಓದಿದೆ. ಅಮ್ಮನ ಹೆಸರೇ ಇತ್ತು.

ಡಾಕ್ಟರು ಸಾವಧಾನವಾಗಿ ವಿವರಿಸಿದರು. ಹೃದಯದ ಸ್ನಾಯುವಿನ ಒಂದು ಭಾಗ ರಕ್ತ ಸಿಗದೆ ಸತ್ತರೆ ಆ ಭಾಗದಲ್ಲಿ ವಿದ್ಯುತ್ ಹರಿಯುವುದಿಲ್ಲ. ಆ ಕೊರತೆ ಇ.ಸಿ.ಜಿ.ಯಲ್ಲಿ ಆಳವಾದ ಕ್ಯೂ ಅಲೆಯಾಗಿ ಉಳಿದುಬಿಡುತ್ತದೆ. ಅಮ್ಮನ ಕಾಗದದಲ್ಲಿ ಅಂಥ ಗುರುತು ಹೃದಯದ ಕೆಳಗೋಡೆಗೆ ಸಂಬಂಧಿಸಿದ ಮೂರು ಸಾಲುಗಳಲ್ಲಿ ಕಾಣುತ್ತಿತ್ತು. ಮರುದಿನ ಮಾಡಿಸಿದ, ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಆ ಗೋಡೆ ಉಳಿದ ಭಾಗದಷ್ಟು ಚುರುಕಾಗಿ ಕುಗ್ಗುತ್ತಿಲ್ಲ ಎಂಬುದೂ ಗೊತ್ತಾಯಿತು. ಗಾಯ ಹೊಸದಲ್ಲ. ಯಾವತ್ತೋ ಆಗಿ, ಯಾರಿಗೂ ತಿಳಿಯದೆ ಮಾಯ್ದು, ಕಲೆಯಾಗಿ ನಿಂತಿತ್ತು.

ಶಿವಮೊಗ್ಗದಿಂದ ಊರಿಗೆ ಮರಳುವ ಬಸ್ಸಿನಲ್ಲಿ, ಮಂಡಗದ್ದೆ ದಾಟುವ ಹೊತ್ತಿಗೆ, ಅಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: “ಎರಡು ವರ್ಷದ ಹಿಂದೆ ದೀಪಾವಳಿ ದಿನ ಬಚ್ಚಲೊಲೆ ಮುಂದೆ ಕೂತಿದ್ದೆನಲ್ಲ, ಅದೇ ಇರಬೇಕೇನೋ.”

ಆ ಬೆಳಗ್ಗೆ ನಾನೂ ಊರಿನಲ್ಲಿದ್ದೆ. ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆಂದು ಅವಳು ನಾಲ್ಕು ಗಂಟೆಗೇ ಎದ್ದಿದ್ದಳು. ಹಿಂದಿನ ಸಂಜೆ ನೀರು ತುಂಬುವ ಹಬ್ಬದಲ್ಲಿ ಹಂಡೆಗೆ ಪೂಜೆ ಮಾಡಿ ನೀರು ತುಂಬಿಸಿಟ್ಟಿದ್ದಳು. ಚಳಿಯಲ್ಲಿ ಹೊರಗಿನಿಂದ ಕಟ್ಟಿಗೆ ತಂದು ಒಲೆ ಹೊತ್ತಿಸಿ, ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಒಬ್ಬೊಬ್ಬರನ್ನೇ ಸ್ನಾನಕ್ಕೆ ಕಳಿಸುತ್ತಿದ್ದವಳು ಇದ್ದಕ್ಕಿದ್ದಂತೆ ಬಚ್ಚಲುಮನೆಯ ಹೊಸಿಲ ಮೇಲೆ ಕುಳಿತಳು. ಬೆಂಕಿಯ ಮುಂದೆ ಕುಳಿತವಳ ಹಣೆಯ ಮೇಲಿನ ಬೆವರು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. “ಯಾಕೋ ಸುಸ್ತು. ಹೊಟ್ಟೆ ತೊಳೆಸಿದ ಹಾಗೆ ಆಗ್ತದೆ. ಗ್ಯಾಸಾಗಿರಬೇಕು” ಎಂದಳು. ನಾನು ಜೀರಿಗೆ ಕಷಾಯ ಮಾಡಿಕೊಟ್ಟೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಹೋಳಿಗೆಯ ಹೂರಣಕ್ಕೆ ಬೇಳೆ ಬೇಯಲಿಟ್ಟಳು. ಎದೆ ನೋಯುತ್ತದೆ ಎಂದು ಅವಳು ಹೇಳಲಿಲ್ಲ. ಎದೆ ನೋಯುತ್ತಿದೆಯೇ ಎಂದು ನಾನೂ ಕೇಳಲಿಲ್ಲ.

ಅದೇ ದಿನ ಆ ಗಾಯವಾಯಿತೆಂದು ಯಾವ ವೈದ್ಯರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಹೃದಯದ ಕೆಳಗೋಡೆಗೆ ಪೆಟ್ಟು ಬಿದ್ದಾಗ ಹೊಟ್ಟೆ ತೊಳೆಸುವುದು, ಬೆವರುವುದು, ಮೇಲ್ಹೊಟ್ಟೆಯಲ್ಲಿ ಏನೋ ಹಿಡಿದಂತಾಗುವುದು ಸಾಮಾನ್ಯ. ಸಕ್ಕರೆ ಕಾಯಿಲೆ ಹಳೆಯದಾದಾಗ ನೋವನ್ನು ಮೆದುಳಿಗೆ ಮುಟ್ಟಿಸುವ ನರಗಳೇ ಮಂಕಾಗುವುದೂ ಸಾಮಾನ್ಯ. ಅಂದಿನಿಂದ ಎರಡು ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ನೋವಿಲ್ಲದೆ ಹೃದಯ ಹೀಗೆ ಗಾಯಗೊಳ್ಳುವುದು ಹೇಗೆ? ಮತ್ತು, ಆ ಹೊತ್ತೇ ಏಕೆ?

ಮೊದಲ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಜನರ ಹೃದಯದ ಆರೋಗ್ಯವನ್ನು ವೈದ್ಯರು ದಶಕಗಟ್ಟಲೆ ಹಿಂಬಾಲಿಸಿದರು. ಕಾಯಿಲೆ ಇರಲಿ ಇಲ್ಲದಿರಲಿ, ಎರಡು ವರ್ಷಕ್ಕೊಮ್ಮೆ ಎಲ್ಲರಿಗೂ ತಪಾಸಣೆ ನಡೆಯುತ್ತಿತ್ತು. ಮೂವತ್ತು ವರ್ಷಗಳ ಲೆಕ್ಕವನ್ನು 1984ರಲ್ಲಿ ಪ್ರಕಟಿಸಿದಾಗ, ಅಲ್ಲಿ ಆದ ಹೃದಯಾಘಾತಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವು ಗೊತ್ತಾದದ್ದು ವಾಡಿಕೆಯ ಇ.ಸಿ.ಜಿ.ಯಿಂದ ಮಾತ್ರ ಎಂದು ತಿಳಿಯಿತು. ಅವುಗಳಲ್ಲಿ ಸುಮಾರು ಅರ್ಧದಷ್ಟು ಪೂರ್ತಿ ಮೌನವಾಗಿ ಆಗಿಹೋಗಿದ್ದವು. ಉಳಿದವುಗಳಲ್ಲಿ ಏನೋ ತೊಂದರೆ ಕಾಣಿಸಿಕೊಂಡಿತ್ತು, ಆದರೆ ಅದು ಹೃದಯದ್ದೆಂದು ರೋಗಿಗಾಗಲಿ ವೈದ್ಯರಿಗಾಗಲಿ ಹೊಳೆದಿರಲಿಲ್ಲ. ಹೀಗೆ ಗುರುತಾಗದೆ ಉಳಿಯುವ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಿತ್ತು. ನೋಯದ ಹೃದಯಾಘಾತ ಸಣ್ಣದಿರಬೇಕು ಎಂಬ ನಂಬಿಕೆಯೂ ಅಲ್ಲಿ ನಿಲ್ಲಲಿಲ್ಲ, ಏಕೆಂದರೆ ಅಂಥವರ ಮುಂದಿನ ಅಪಾಯ ನೋವುಂಡವರ ಅಪಾಯಕ್ಕಿಂತ ಕಡಿಮೆಯಾಗಿರಲಿಲ್ಲ.

ನೋವನ್ನು ನಾವು ಮೊದಲ ಕರೆಗಂಟೆ ಎಂದುಕೊಂಡಿದ್ದೇವೆ. ಹೃದಯದ ಮಟ್ಟಿಗೆ ಅದು ಕೊನೆಯದು. ಹೃದಯಕ್ಕೇ ರಕ್ತ ಒಯ್ಯುವ ಕರೊನರಿ ರಕ್ತನಾಳದಲ್ಲಿ ಹರಿವು ತಗ್ಗಿದಾಗ ಮೊದಲು ಸ್ನಾಯುಕೋಶಗಳ ಒಳಗಿನ ರಾಸಾಯನಿಕ ವ್ಯವಹಾರ ಏರುಪೇರಾಗುತ್ತದೆ. ನಂತರ ಸ್ನಾಯು ಸಡಿಲಗೊಳ್ಳಲು ತಡಮಾಡುತ್ತದೆ. ಆಮೇಲೆ ಕುಗ್ಗುವ ಶಕ್ತಿ ಕುಂದುತ್ತದೆ. ಅದಾದ ಮೇಲೆ ಇ.ಸಿ.ಜಿ.ಯಲ್ಲಿ ಬದಲಾವಣೆ ಕಾಣುತ್ತದೆ. ಇಷ್ಟೂ ಮೆಟ್ಟಿಲುಗಳನ್ನು ದಾಟಿದ ಮೇಲೆ, ಬಂದರೆ, ನೋವು ಬರುತ್ತದೆ. ಹಲವು ಸಲ ಅದು ಬರುವ ಮೊದಲೇ ಹರಿವು ಸರಿಹೋಗುತ್ತದೆ. ನಾರ್ಮನ್ ಹೋಲ್ಟರ್ ಎಂಬ ಅಮೆರಿಕನ್ ವಿಜ್ಞಾನಿ 1940ರ ದಶಕದ ಕೊನೆಯಲ್ಲಿ ಬೆನ್ನಿಗೆ ಹೊತ್ತುಕೊಳ್ಳುವ ಇ.ಸಿ.ಜಿ. ಯಂತ್ರ ಕಟ್ಟಿದಾಗ ಅದರ ತೂಕ ಸುಮಾರು 38 ಕಿಲೋ ಇತ್ತು. ಮುಂದೆ ಅದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದಾಯಿತು. ಎದೆನೋವಿನ ರೋಗಿಗಳಿಗೆ ಅದನ್ನು ಕಟ್ಟಿ ದಿನವಿಡೀ ನೋಡಿದ ವೈದ್ಯರಿಗೆ, ಹೃದಯಕ್ಕೆ ರಕ್ತ ಸಾಲದೆ ಹೋದ ಗಳಿಗೆಗಳಲ್ಲಿ ಮುಕ್ಕಾಲರಷ್ಟು ರೋಗಿಯ ಅರಿವಿಗೇ ಬಾರದೆ ಕಳೆದುಹೋಗುತ್ತಿದ್ದುದು ಕಂಡಿತು. ನೋವನ್ನು ಬಲ್ಲವರಲ್ಲಿಯೇ ಹೀಗಾದರೆ, ಸಕ್ಕರೆ ಕಾಯಿಲೆಯಿಂದ ನರ ಮಂಕಾದವರ ಪಾಡೇನು?

ಎರಡನೆಯ ಪ್ರಶ್ನೆಯ ಉತ್ತರ ನನ್ನನ್ನು ಹೆಚ್ಚು ಕಾಡಿತು. ಹೃದಯಾಘಾತಕ್ಕೆ ಒಂದು ಹೊತ್ತು ಇದೆಯೇ ಎಂದು ತಿಳಿಯಬೇಕಾದರೆ ರೋಗಿಯನ್ನು ಕೇಳಬೇಕು. ರೋಗಿ ನೋವಿನ ಹೊತ್ತನ್ನು ಹೇಳುತ್ತಾನೆ. ನಿದ್ದೆಯಲ್ಲಿ ಆರಂಭವಾದದ್ದನ್ನು ಎದ್ದ ಮೇಲೆ ಗಮನಿಸಿ ‘ಬೆಳಗ್ಗೆ ಆಯಿತು’ ಎನ್ನುವ ಸಾಧ್ಯತೆಯೂ ಇದೆ. ಬಾಸ್ಟನ್ನಿನ ಜೇಮ್ಸ್ ಮುಲ್ಲರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಈ ತೊಡಕನ್ನು ಬಿಡಿಸಿತು. ಅವರು 2,999 ರೋಗಿಗಳು ಹೇಳಿದ ಹೊತ್ತನ್ನಷ್ಟೇ ನಂಬದೆ, 703 ಜನರ ರಕ್ತದಲ್ಲಿ, ಸತ್ತ ಹೃದಯಸ್ನಾಯುವಿನಿಂದ ಹೊರಬರುವ ಕಿಣ್ವ ಯಾವಾಗ ಏರಲು ಆರಂಭಿಸಿತೆಂದು ಹಿಂದಕ್ಕೆ ಲೆಕ್ಕ ಹಾಕಿದರು. ರೋಗಿಯ ನೆನಪನ್ನೂ ನೋವನ್ನೂ ಬದಿಗಿಟ್ಟ ಈ ಗಡಿಯಾರವೂ ಅದೇ ಮಾತು ಹೇಳಿತು: ಬೆಳಗಿನ ಆರರಿಂದ ಮಧ್ಯಾಹ್ನದವರೆಗೆ ಏರು, ಒಂಬತ್ತು ಗಂಟೆಗೆ ತುತ್ತತುದಿ, ರಾತ್ರಿ ಹನ್ನೊಂದಕ್ಕೆ ತಳ. ತುದಿಯ ಸಂಖ್ಯೆ ತಳದ ಮೂರು ಪಟ್ಟು. ಹೋಲ್ಟರ್ ಯಂತ್ರ ಹಿಡಿದ ನೋವಿಲ್ಲದ ಗಳಿಗೆಗಳೂ ಎದ್ದ ಮೊದಲ ಒಂದೆರಡು ಗಂಟೆಗಳಲ್ಲೇ ದಟ್ಟವಾಗಿದ್ದವೆಂದು ಆಮೇಲಿನ ಅಧ್ಯಯನಗಳು ತೋರಿಸಿದವು.

ಬೆಳಗಿನ ಜಾವದಲ್ಲಿ ಮೈಯೊಳಗೆ ಆಗುವುದನ್ನು ಓದುತ್ತಾ ಹೋದಂತೆ, ನಾವು ನಿತ್ಯ ಏಳುವ ಕ್ರಿಯೆಯೇ ಎಷ್ಟು ದೊಡ್ಡ ಕೆಲಸ ಎಂದು ನನಗೆ ಮೊದಲ ಬಾರಿಗೆ ಅರಿವಾಯಿತು. ಆರೋಗ್ಯವಂತರಲ್ಲಿ ರಕ್ತದೊತ್ತಡ ರಾತ್ರಿ ನಿದ್ದೆಯಲ್ಲಿ ಹಗಲಿಗಿಂತ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ತಗ್ಗಿರುತ್ತದೆ. ಮೂರು ಗಂಟೆಯ ಹೊತ್ತಿಗೆ ತಳ ಮುಟ್ಟಿ, ನಾವು ಕಣ್ಣು ಬಿಡುವ ಮೊದಲೇ ನಿಧಾನವಾಗಿ ಮೇಲೇಳತೊಡಗುತ್ತದೆ. ಲಂಡನ್ನಿನ ವೈದ್ಯರು ರೋಗಿಗಳ ರಕ್ತನಾಳದೊಳಗೇ ಸಣ್ಣ ಕೊಳವೆ ಇರಿಸಿ ಇದನ್ನು ಗಂಟೆಗಂಟೆಗೂ ಅಳೆದು 1978ರಲ್ಲಿ ಪ್ರಕಟಿಸಿದ್ದರು. ಮೈಯನ್ನು ಎಚ್ಚರಕ್ಕೆ ಅಣಿಗೊಳಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ರಾತ್ರಿಯ ಉತ್ತರಾರ್ಧದಲ್ಲೇ ಏರುತ್ತದೆ. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಕಿಬ್ಬೊಟ್ಟೆಯ ಕಡೆಗೆ ಇಳಿಯುತ್ತದೆ. ತಲೆ ಸುತ್ತಿ ಬೀಳದಂತೆ ಕಾಯಲು ಅಡ್ರಿನಲಿನ್ ಬಳಗದ ಹಾರ್ಮೋನುಗಳು ನುಗ್ಗಿ, ನಾಳಗಳನ್ನು ಬಿಗಿದು, ಹೃದಯವನ್ನು ಓಡಿಸುತ್ತವೆ. ಅದೇ ಹೊತ್ತಿಗೆ ಹೆಪ್ಪುಗಟ್ಟಲು ನೆರವಾಗುವ ರಕ್ತದ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣ ಹೆಚ್ಚುತ್ತದೆ, ಹೆಪ್ಪನ್ನು ಕರಗಿಸುವ ಮೈಯ ಸಹಜ ಶಕ್ತಿ ದಿನದಲ್ಲೇ ಅತಿ ಕಡಿಮೆ ಇರುತ್ತದೆ. ಹೃದಯಸ್ನಾಯುವಿಗೆ ರಕ್ತ ಹರಿಯುವುದು ಬಹುಪಾಲು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ವೇಗವಾದಷ್ಟೂ ಆ ಬಿಡುವು ಕಿರಿದಾಗುತ್ತದೆ. ಅಂದರೆ ಹೃದಯಕ್ಕೆ ಕೆಲಸ ಹೆಚ್ಚುವ ಗಳಿಗೆಯಲ್ಲೇ ಅದರ ಊಟದ ಹೊತ್ತು ಮೊಟಕಾಗುತ್ತದೆ.

ನಾಳಗಳು ಹಸನಾಗಿದ್ದರೆ ಇದೆಲ್ಲವನ್ನೂ ಮೈ ಪ್ರತಿದಿನ ಸಲೀಸಾಗಿ ನಿಭಾಯಿಸುತ್ತದೆ. ಕರೊನರಿ ನಾಳದ ಗೋಡೆಯಲ್ಲಿ ತೆಳು ಹೊದಿಕೆಯ ಕೊಬ್ಬಿನ ಗಂಟು ಸದ್ದಿಲ್ಲದೆ ಬೆಳೆದು ಕುಳಿತವರಲ್ಲಿ ಮಾತ್ರ, ಒತ್ತಡದ ಈ ಏರು ಆ ಹೊದಿಕೆಯನ್ನು ಹರಿಯಬಹುದು. ಹರಿದ ಜಾಗದಲ್ಲಿ ಅಂಟು ಹೆಚ್ಚಿದ ರಕ್ತ ಹೆಪ್ಪುಗಟ್ಟಬಹುದು. ನಮ್ಮ ಮಲೆನಾಡಿನ ಚಳಿ ಇದಕ್ಕೆ ಇನ್ನಷ್ಟು ಸೇರಿಸುತ್ತದೆ, ಏಕೆಂದರೆ ತಣ್ಣನೆಯ ಗಾಳಿ ಚರ್ಮದ ನಾಳಗಳನ್ನು ಬಿಗಿದು ಒತ್ತಡವನ್ನು ಮೇಲೆತ್ತುತ್ತದೆ. ಕುಕ್ಕರಗಾಲಲ್ಲಿ ಕುಳಿತು ತಿಣುಕುವುದೂ ಕೊಂಚ ಹೊತ್ತು ಅದನ್ನು ಏರಿಸುತ್ತದೆ. ಬಾಗಿ ಕಟ್ಟಿಗೆ ಎತ್ತುವುದು, ತುಂಬಿದ ಬಿಂದಿಗೆ ಹೊರುವುದು, ಹಬ್ಬದ ದಿನ ಎಲ್ಲರಿಗಿಂತ ಮೊದಲು ಏಳಲು ರಾತ್ರಿಯೆಲ್ಲ ಅರೆನಿದ್ದೆಯಲ್ಲಿರುವುದು, ಇವನ್ನು ಯಾವ ಅಧ್ಯಯನದ ಕೋಷ್ಟಕದಲ್ಲೂ ನಾನು ಕಂಡಿಲ್ಲ. ಅಮ್ಮನ ದೀಪಾವಳಿಯಲ್ಲಿ ಮಾತ್ರ ಇವೆಲ್ಲವೂ ಒಂದೇ ಗಂಟೆಯೊಳಗೆ ಇದ್ದವು.

ಇಷ್ಟಾದರೂ ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ಅಮ್ಮನ ಬಿ.ಪಿ. ಹತೋಟಿಯಲ್ಲಿತ್ತಲ್ಲ? ತಿಂಗಳಿಗೊಮ್ಮೆ ಊರಿನ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಚೀಟಿಯಲ್ಲಿ ಪ್ರತಿ ಸಲವೂ 130ರ ಆಸುಪಾಸಿನ ಸಂಖ್ಯೆಯೇ ಇತ್ತು. ಹೃದ್ರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ, “ಮಾತ್ರೆ ಎಷ್ಟು ಹೊತ್ತಿಗೆ ತಗೊಳ್ತೀರಿ? ಬಿ.ಪಿ. ನೋಡಿಸೋದು ಎಷ್ಟು ಹೊತ್ತಿಗೆ?” ಎಂಬುದು. ಮಾತ್ರೆ ಎಂಟು ಗಂಟೆಗೆ, ತಿಂಡಿಯ ಜೊತೆ. ಬಸ್ಸು ಹಿಡಿದು ಡಾಕ್ಟರ ಮುಂದೆ ಕೂರುವುದು ಹನ್ನೊಂದಕ್ಕೆ. ಅವಳು ನುಂಗುತ್ತಿದ್ದುದು ಹೆಚ್ಚು ಹೊತ್ತು ಉಳಿಯದ ಮಾತ್ರೆ. ಅದರ ಬಲ ತುದಿಯಲ್ಲಿರುವಾಗ ಅಳೆದ ಸಂಖ್ಯೆಯನ್ನು ನಾವು ಇಡೀ ದಿನದ ಸಂಖ್ಯೆ ಎಂದು ನಂಬಿದ್ದೆವು. ಮಾತ್ರೆಯ ಬಲ ಪೂರ್ತಿ ಇಳಿದ ಹೊತ್ತಾದ ಬೆಳಗಿನ ನಾಲ್ಕೂವರೆಗೆ ಅವಳ ತೋಳಿಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ.

ತೋಳಿಗೆ ಕಟ್ಟುವ ಯಂತ್ರವೊಂದನ್ನು ಕೊಂಡೆವು. ಅಡುಗೆಮನೆಯ ಬಾಗಿಲ ಹಿಂದೆ ನೇತಾಡುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಅಮ್ಮ ಪೆನ್ಸಿಲಿನಿಂದ ಬರೆಯತೊಡಗಿದಳು. ಮೊದಲ ವಾರದ ಬೆಳಗಿನ ಸರಾಸರಿ 168/94. ಮನೆಯಲ್ಲಿ ಅಳೆದಾಗ 135/85 ದಾಟಿದರೆ ಅದನ್ನು ಅಧಿಕವೆಂದು ಲೆಕ್ಕ ಹಾಕುತ್ತಾರೆ. ಅದೇ ವಾರ ಅದೇ ಯಂತ್ರವನ್ನು ಹನ್ನೊಂದು ಗಂಟೆಗೆ ಕಟ್ಟಿ ನೋಡಿದರೆ 132/80.

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ, ಪಾದರಸದ ಕಂಬದ ಎತ್ತರವನ್ನು ಮಿಲಿಮೀಟರಿನಲ್ಲಿ ಹೇಳುವ ಈ ಸಂಖ್ಯೆಗಳ ಅರ್ಥ ಮನಸ್ಸಿಗಿಳಿದದ್ದು ಪಾದರಸವನ್ನು ರಕ್ತಕ್ಕೆ ಬದಲಾಯಿಸಿಕೊಂಡಾಗ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಟ್ಟಿ ಮಲಗಿಸಿದ ಹೆಣ್ಣು ಕುದುರೆಯೊಂದರ ಅಪಧಮನಿಗೆ ಗಾಜಿನ ಉದ್ದ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿ ಮೂರು ಅಂಗುಲ ಮೇಲೇರಿತ್ತು. ಒತ್ತಡ ಎಂದರೆ ಅಕ್ಷರಶಃ ಅದೇ. ಪಾದರಸ ರಕ್ತಕ್ಕಿಂತ ಸುಮಾರು ಹದಿಮೂರು ಪಟ್ಟು ಭಾರ; ಆದ್ದರಿಂದ 132 ಮಿಲಿಮೀಟರ್ ಪಾದರಸ ಎಂದರೆ ಸುಮಾರು ಒಂದು ಮೀಟರ್ 69 ಸೆಂಟಿಮೀಟರ್ ಎತ್ತರದ ರಕ್ತದ ಕಂಬ. ಅಮ್ಮನ ಬೆಳಗಿನ 168 ಎಂದರೆ ಎರಡು ಮೀಟರ್ 15 ಸೆಂಟಿಮೀಟರ್. ನಮ್ಮ ಮನೆಯ ಬಾಗಿಲಿನ ಮೇಲಿನ ಅಡ್ಡಪಟ್ಟಿಯನ್ನು ದಾಟುವ ಎತ್ತರ. ಹನ್ನೊಂದು ಗಂಟೆಯ ಕಂಬಕ್ಕಿಂತ ಹೆಚ್ಚುಕಡಿಮೆ ಅರ್ಧ ಮೀಟರ್ ಹೆಚ್ಚು ಎತ್ತರಕ್ಕೆ ರಕ್ತವನ್ನು ಚಿಮ್ಮಿಸುವಷ್ಟು ಬಲವನ್ನು ಆ ಗಾಯಗೊಂಡ ಹೃದಯ ಪ್ರತಿ ಬಡಿತಕ್ಕೂ, ಪ್ರತಿ ಮುಂಜಾನೆ, ಒಲೆ ಹೊತ್ತಿಸುವ ಹೊತ್ತಿಗೆ ಹಾಕುತ್ತಿತ್ತು. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದೇ ಲೆಕ್ಕ ಅಳೆಯುವ ಕ್ರಮವನ್ನೂ ಕಲಿಸುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಸಂಖ್ಯೆ ಏಳೆಂಟರಷ್ಟು ಸುಳ್ಳೇ ಹೆಚ್ಚುತ್ತದೆ. ಆದ್ದರಿಂದ ತೋಳಿಗೆ ಮೇಜಿನ ಆಸರೆ ಬೇಕು, ಬೆನ್ನಿಗೆ ಕುರ್ಚಿಯ ಆಸರೆ ಬೇಕು, ಪಾದಗಳು ನೆಲದ ಮೇಲಿರಬೇಕು. ಎದ್ದ ಒಂದು ಗಂಟೆಯೊಳಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೂ ಮಾತ್ರೆಗೂ ಮೊದಲು, ಐದು ನಿಮಿಷ ಮಾತಾಡದೆ ಕುಳಿತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು, ಸಂಜೆಯೂ ಹಾಗೆಯೇ. ಒಂದು ವಾರ ಬರೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದರೆ ಡಾಕ್ಟರಿಗೆ ಕೊಡಲು ಒಂದು ನಿಜವಾದ ಸಂಖ್ಯೆ ಸಿಗುತ್ತದೆ. ಒಂದು ದಿನದ ಏರಿಕೆ ಕಂಡು ಹೆದರಿ ಹತ್ತು ಸಲ ಪಟ್ಟಿ ಬಿಗಿದುಕೊಳ್ಳುವುದರಿಂದ ಒತ್ತಡ ಇನ್ನಷ್ಟು ಏರುತ್ತದೆ. ಅಮ್ಮನಿಗೆ ಐದು ನಿಮಿಷ ಸುಮ್ಮನೆ ಕೂರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬೆಳಗಿನ ಹೊತ್ತು ಹಾಗೆ ಕುಳಿತದ್ದು ಅವಳ ನೆನಪಿನಲ್ಲೇ ಇರಲಿಲ್ಲ.

ಹೃದ್ರೋಗ ತಜ್ಞರು ಇಪ್ಪತ್ನಾಲ್ಕು ಗಂಟೆಯ ಯಂತ್ರವನ್ನೂ ಕಟ್ಟಿಸಿದರು. ಅದರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಅಮ್ಮನ ಒತ್ತಡ ರಾತ್ರಿ ಇಳಿಯಬೇಕಾದಷ್ಟು ಇಳಿಯುತ್ತಲೇ ಇರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಬೆಳಗಿನ ಒತ್ತಡ ಎರಡು ದಾರಿಯಲ್ಲಿ ಹೆಚ್ಚಿರಬಹುದು. ರಾತ್ರಿ ಚೆನ್ನಾಗಿ ಇಳಿದು ಎದ್ದಾಗ ಕಡಿದಾಗಿ ಏರುವುದು ಒಂದು; ರಾತ್ರಿಯಿಡೀ ಮೇಲೇ ಇದ್ದು ಬೆಳಗಿಗೆ ಮುಂದುವರಿಯುವುದು ಇನ್ನೊಂದು. ಜಪಾನಿನ ಕಝುಓಮಿ ಕಾರಿಯೊ ಮತ್ತು ಸಂಗಡಿಗರು 519 ಹಿರಿಯ ರೋಗಿಗಳನ್ನು ಸರಾಸರಿ 41 ತಿಂಗಳು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಮೊದಲ ಬಗೆಯದು. ಎದ್ದ ಎರಡು ಗಂಟೆಯೊಳಗಿನ ಏರಿಕೆ 55 ಮಿಲಿಮೀಟರ್ ಅಥವಾ ಹೆಚ್ಚಿದ್ದವರಲ್ಲಿ ನೂರಕ್ಕೆ 19 ಜನರಿಗೆ ಪಾರ್ಶ್ವವಾಯುವಾಯಿತು, ಉಳಿದವರಲ್ಲಿ ನೂರಕ್ಕೆ ಏಳರಷ್ಟು ಜನರಿಗೆ. ಏರಿಕೆ ಹೆಚ್ಚಿದ್ದವರ ಮೆದುಳಿನಲ್ಲಿ ಅವರಿಗೇ ತಿಳಿಯದೆ ಆಗಿಹೋದ ಸಣ್ಣ ಗಾಯಗಳೂ ಹೆಚ್ಚಿದ್ದವು. ಹೃದಯವೊಂದೇ ಮೌನಿಯಲ್ಲ. ಆದರೆ ನಂತರದ ಎಲ್ಲ ಅಧ್ಯಯನಗಳೂ ಕಡಿದಾದ ಏರಿಕೆಯನ್ನು ಇಷ್ಟೇ ಬಲವಾಗಿ ದೂಷಿಸಿಲ್ಲ. ರಾತ್ರಿ ಚೆನ್ನಾಗಿ ಇಳಿಯುವವರಲ್ಲೇ ಏರಿಕೆಯೂ ದೊಡ್ಡದಾಗಿ ಕಾಣುವುದು ಅದಕ್ಕೆ ಒಂದು ಕಾರಣ. ಅಮ್ಮನಂತೆ ರಾತ್ರಿಯೂ ಇಳಿಯದೆ ಬೆಳಗ್ಗೆಯೂ ಎತ್ತರದಲ್ಲೇ ಇರುವ ಒತ್ತಡ ಒಳ್ಳೆಯದಲ್ಲ ಎಂಬುದರಲ್ಲಿ ಮಾತ್ರ ಭಿನ್ನಮತ ಕಾಣುವುದಿಲ್ಲ.

ರಾತ್ರಿಯ ಒತ್ತಡಕ್ಕೂ ಉಪ್ಪಿಗೂ ಇರುವ ನಂಟನ್ನು ತಜ್ಞರು ಹೇಳಿದಾಗ ಅಮ್ಮನ ಮುಖ ಸಣ್ಣದಾಯಿತು. ಹಗಲು ಹೊರಹಾಕಲಾಗದ ಉಪ್ಪನ್ನು ಮೂತ್ರಪಿಂಡಗಳು ರಾತ್ರಿಯೂ ದುಡಿದು ಹೊರಹಾಕಬೇಕಾಗುತ್ತದೆ, ಅದಕ್ಕಾಗಿ ಒತ್ತಡ ಇಳಿಯದೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ. ಅಪ್ಪೆಮಿಡಿಯ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು ಇಲ್ಲದ ಮಲೆನಾಡಿನ ಊಟವನ್ನು ಯಾರಿಗಾದರೂ ಹೇಳುವುದು ಸುಲಭ, ಬಡಿಸುವುದು ಸುಲಭವಲ್ಲ. ಅಮ್ಮ ಮಿಡಿಯನ್ನು ಪೂರ್ತಿ ಬಿಡಲಿಲ್ಲ. ವಾರಕ್ಕೊಂದು ಎಂದು ತಾನೇ ನಿಯಮ ಮಾಡಿಕೊಂಡಳು. ನಾನು ಅದಕ್ಕಿಂತ ಹೆಚ್ಚು ಒತ್ತಾಯಿಸಲಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ನಾವು ಮನೆಯವರು ಮಾಡಲು ಹೊರಟಿದ್ದ ಎರಡು ತಪ್ಪುಗಳನ್ನು ಹೇಳಬೇಕು. ಬೆಳಗ್ಗೆ ಒತ್ತಡ ಹೆಚ್ಚಿರುವುದಾದರೆ ಮಾತ್ರೆಯನ್ನು ರಾತ್ರಿಗೆ ಬದಲಾಯಿಸೋಣ ಎಂದು ನನಗೆ ಅನ್ನಿಸಿತ್ತು. ಬ್ರಿಟನ್ನಿನಲ್ಲಿ 21,104 ರೋಗಿಗಳನ್ನು ಬೆಳಗಿನ ಮಾತ್ರೆ ಮತ್ತು ಸಂಜೆಯ ಮಾತ್ರೆ ಎಂದು ಎರಡು ಗುಂಪು ಮಾಡಿ ಐದು ವರ್ಷಕ್ಕೂ ಮೀರಿ ನೋಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯಿಂದಾಗುವ ಸಾವು, ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ತಜ್ಞರು ಹೊತ್ತನ್ನು ಬದಲಾಯಿಸದೆ ಮಾತ್ರೆಯನ್ನು ಬದಲಾಯಿಸಿದರು. ಇಪ್ಪತ್ನಾಲ್ಕು ಗಂಟೆ ಮೀರಿ ರಕ್ತದಲ್ಲಿ ಉಳಿಯುವ ಔಷಧಿ ಕೊಟ್ಟು, ಮುಂಜಾನೆಗೂ ಅದರ ಬಲ ಉಳಿಯುವಂತೆ ಮಾಡಿದರು. ಹಳೆಯ ಹೃದಯಾಘಾತಕ್ಕೆಂದು ಆಸ್ಪಿರಿನ್, ರಕ್ತದ ಕೊಬ್ಬು ತಗ್ಗಿಸುವ ಸ್ಟ್ಯಾಟಿನ್ ಮತ್ತು ಬಡಿತದ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಸೇರಿದವು. ಮುಲ್ಲರ್ ಅವರ ಅಧ್ಯಯನದಲ್ಲಿ ಬೀಟಾ ಬ್ಲಾಕರ್ ಸೇವಿಸುತ್ತಿದ್ದವರಲ್ಲಿ ಬೆಳಗಿನ ಆ ತುದಿ ಕಾಣಿಸಿಕೊಂಡಿರಲೇ ಇಲ್ಲ ಎಂಬುದನ್ನು ಆಮೇಲೆ ಓದಿದಾಗ, ಆ ಚಿಕ್ಕ ಗುಳಿಗೆಯ ಮೇಲೆ ನನಗೆ ಮೂಡಿದ ಗೌರವ ದೊಡ್ಡದು.

ಎರಡನೆಯದು, ಕಿರಿದಾದ ರಕ್ತನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆಯಾದ ಸ್ಟೆಂಟಿನ ವಿಷಯ. ಹಾಸನದ ಕಡೆಯ ನಮ್ಮ ನೆಂಟರೆಲ್ಲ “ಕೂಡಲೇ ಸ್ಟೆಂಟ್ ಹಾಕಿಸಿ” ಎಂದು ಫೋನು ಮಾಡಿದರು. ಅವರ ಆತಂಕಕ್ಕೆ ಕಾರಣವಿತ್ತು. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಸಾಲು ಸಾಲು ಸಾವುಗಳ ಸುದ್ದಿ ಬಂದು, ಬೆಂಗಳೂರಿನ ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಹೃದಯಾಘಾತಗಳು ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟರೂ ಭಯ ಅಷ್ಟು ಬೇಗ ಇಳಿಯುವಂಥದ್ದಲ್ಲ. ಆದರೆ ಭಯದಿಂದ ಎಲ್ಲರೂ ಎಲ್ಲ ಪರೀಕ್ಷೆ ಮಾಡಿಸಿಕೊಂಡರೆ ಜೀವ ಉಳಿಯುತ್ತದೆಯೇ? ಎದೆನೋವಿಲ್ಲದ 1,123 ಸಕ್ಕರೆ ಕಾಯಿಲೆಯವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಹೃದಯದ ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸ್ಕ್ಯಾನ್ ಆದವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮೌನ ತೊಂದರೆ ಕಂಡಿತು. ಆದರೂ ಐದು ವರ್ಷದ ಕೊನೆಗೆ ಎರಡು ಗುಂಪುಗಳ ನಡುವೆ ಹೃದಯಾಘಾತ ಅಥವಾ ಸಾವಿನಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ಎರಡೂ ಗುಂಪಿನವರಿಗೆ ಒತ್ತಡ, ಸಕ್ಕರೆ, ಕೊಬ್ಬಿಗೆ ಒಳ್ಳೆಯ ಔಷಧಿ ಸಿಗುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣವಿರಬೇಕು ಎಂದು ನನ್ನ ತಿಳಿವಳಿಕೆ. ಸ್ಥಿರವಾದ ಕರೊನರಿ ಕಾಯಿಲೆಯ 5,179 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲೂ, ಆರಂಭದಲ್ಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರ ಸಾವಿನ ಪ್ರಮಾಣ ಔಷಧಿಯಿಂದ ಶುರು ಮಾಡಿದವರಿಗಿಂತ ಕಡಿಮೆಯಾಗಲಿಲ್ಲ. ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಪರೀಕ್ಷೆಯಲ್ಲಿ ಕಂಡಂತೆ, ಅಮ್ಮನ ಬಲಗಡೆಯ ಒಂದು ನಾಳ ಹಿಂದೆಯೇ ಮುಚ್ಚಿ, ಸುತ್ತಲಿನ ಕಿರುನಾಳಗಳು ತಮ್ಮಷ್ಟಕ್ಕೆ ದಾರಿ ಮಾಡಿಕೊಂಡಿದ್ದವು. ಔಷಧಿಯಲ್ಲೇ ಮುಂದುವರಿಯೋಣ ಎಂದರು ತಜ್ಞರು. ಮುಂದೆ ಎಂದಾದರೂ ಹೊಸ ತೊಂದರೆ ಕಂಡರೆ ತಡಮಾಡದೆ ಬರಬೇಕು ಎಂದು ಮೂರು ಸಲ ಹೇಳಿ ಕಳಿಸಿದರು.

ಆ ಮೂರು ಸಲದ ಮಾತಿನಲ್ಲೇ ನನಗೆ ಕಷ್ಟ ಕಾಣುವುದು. ನಮ್ಮ ರಾಜ್ಯದಲ್ಲಿ ಈಗ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ತಜ್ಞರು ದೂರದಿಂದಲೇ ನೋಡಿ, ಹೃದಯಾಘಾತ ಎಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮಲೆನಾಡಿನಂಥ ಕಡೆ ಅದು ನಿಜವಾಗಿ ಜೀವ ಉಳಿಸುವ ವ್ಯವಸ್ಥೆ. ಆದರೆ ಆ ಆಸ್ಪತ್ರೆಯ ಬಾಗಿಲವರೆಗೆ ಮನುಷ್ಯನನ್ನು ಕರೆದೊಯ್ಯುವುದು ನೋವು. ನೋವಿಲ್ಲದ, ಬರೀ ಬೆವರುವ, ‘ಯಾಕೋ ಸುಸ್ತು’ ಎನ್ನುವ ಹೆಂಗಸನ್ನು ಹಬ್ಬದ ದಿನ ಬೆಳಗಿನ ಐದು ಗಂಟೆಗೆ ಜೀಪು ಮಾಡಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಅನುಮಾನ ಹುಟ್ಟಬೇಕು. ಇಷ್ಟು ಓದಿಕೊಂಡ ನನಗೇ ಅಂದು ಅದು ಹುಟ್ಟಲಿಲ್ಲ. ಕಷಾಯ ಕುದಿಸಿದ್ದು ನಾನೇ.

ಈಗ ನಾನು ಅಮ್ಮನನ್ನು ಕೇಳುವ ರೀತಿ ಬದಲಾಗಿದೆ. “ಎದೆ ನೋವುಂಟಾ?” ಎಂದು ಕೇಳುವುದಿಲ್ಲ. “ನಿನ್ನೆ ಬಾವಿಕಟ್ಟೆವರೆಗೆ ಹೋಗಿ ಬಂದಾಗ ಎಷ್ಟು ಸಲ ನಿಂತೆ?”, “ರಾತ್ರಿ ಉಸಿರು ಕಟ್ಟದೆ ಮಲಗಲು ದಿಂಬು ಎಷ್ಟು ಬೇಕಾಯಿತು?”, “ಬೆಳಗ್ಗೆ ಎದ್ದಾಗ ಬೆವರಿತ್ತಾ?” ಎಂದು ಕೇಳುತ್ತೇನೆ. ಅವಳು ಬೇಸರಿಸದೆ ಉತ್ತರಿಸುತ್ತಾಳೆ. ಬೆಳಗ್ಗೆ ಕಣ್ಣು ಬಿಟ್ಟ ಮೇಲೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕುಳಿತು ಏಳುತ್ತಾಳೆ. ಸ್ವೆಟರ್ ಹಾಕದೆ ಅಂಗಳಕ್ಕೆ ಇಳಿಯುವುದಿಲ್ಲ. ವಾಕಿಂಗಿಗೆ ಬಿಸಿಲು ಬಂದ ಮೇಲೆ ಹೋಗುತ್ತಾಳೆ. ಕಣ್ಣಿನ ಪೊರೆಯನ್ನೂ ಆರು ತಿಂಗಳ ನಂತರ ತೆಗೆಸಿದೆವು.

ಈ ವರ್ಷದ ದೀಪಾವಳಿಗೆ ಹಿಂದಿನ ದಿನವೇ ಊರಿಗೆ ಹೋಗಿ, ಬಚ್ಚಲೊಲೆಯ ಕೆಲಸವನ್ನು ಕೇಳಿ ಪಡೆದುಕೊಂಡೆ. ನಾಲ್ಕು ಗಂಟೆಗೆ ಒಲೆ ಹೊತ್ತಿಸುವಾಗ ಹಿಂದಿನಿಂದ ಹೆಜ್ಜೆಯ ಸಪ್ಪಳವಾಯಿತು. ಅಭ್ಯಾಸ ಅವಳನ್ನು ಎಬ್ಬಿಸಿತ್ತು. ಹೊಗೆ ಹೆಚ್ಚಾಯಿತು, ಕಟ್ಟಿಗೆ ಅಡ್ಡ ಇಡು ಎಂದು ಹೇಳಿ, ಶಾಲು ಹೊದ್ದುಕೊಂಡು ಒಳಗೆ ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಳು. ಐದು ನಿಮಿಷ ಕಳೆದ ಮೇಲೆ ಯಂತ್ರ ಗುಂಯ್ ಎಂದು ಉಬ್ಬಿ ಇಳಿದ ಸದ್ದು ಎರಡು ಸಲ ಕೇಳಿಸಿತು. ನೀರು ಕಾಯುವ ಹೊತ್ತಿಗೆ ಹೋಗಿ ನೋಡಿದರೆ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ, ‘ಹಾಲು 2’ ಎಂಬುದರ ಕೆಳಗೆ, 138/82 ಎಂದು ಬರೆದಿದ್ದಳು.